ಚಿತ್ತಶಾಂತಿಯ ಎರಡು ಮಾರ್ಗಗಳು

ಮನುಷ್ಯನು ಒದಗಿದ ಕಷ್ಟಕ್ಕಿಂತ ಒದಗಬಹುದಾದ ಕಷ್ಟವನ್ನು ನೆನೆದು ಬಳಲುವುದೇ ಹೆಚ್ಚು. ಮಳೆ ತಡೆದರೆ ಕಬ್ಬೂರಿನ ಒಕ್ಕಲಿಗನಿಗೂ, ಪರೀಕ್ಷೆ ಸಮೀಪಿಸಿದರೆ ಚಿಕ್ಕೋಡಿಯ ವಿದ್ಯಾರ್ಥಿಗೂ ನಿದ್ರೆಯು ದೂರವಾಗುವದು. ಚಿತೆಗೂ ಚಿಂತೆಗೂ ಒಂದು ಸೊನ್ನೆಯಷ್ಟೇ ಅಂತರವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಈ ಚಿಂತೆಯನ್ನು ವಿಚಾರದಿಂದ ಗೆಲ್ಲಬೇಕೋ, ಸಾಧನದಿಂದ ಗೆಲ್ಲಬೇಕೋ ಎಂಬ ಪ್ರಶ್ನೆಯು ನಮ್ಮ ಗಡಿನಾಡಿನಲ್ಲಿಯೇ ಒಂದು ಸಂಪ್ರದಾಯವನ್ನು ಎರಡು ಶಾಖೆಗಳಾಗಿ ಒಡೆಯಿಸಿತೆಂಬುದು ಹಲವರಿಗೆ ತಿಳಿಯದು. ಅದರ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುವೆವು.

ಜತ್ತ ತಾಲೂಕಿನ ಉಮದಿಯ ದೇಶಪಾಂಡೆ ಮನೆತನದಲ್ಲಿ 1843ರಲ್ಲಿ ಜನಿಸಿದ ಭಾವೂಸಾಹೇಬ ಮಹಾರಾಜರು ನಿಂಬರಗಿಯ ಮಹಾರಾಜರಿಂದ ಉಪದೇಶ ಪಡೆದರು. 1914ರಲ್ಲಿ ಅವರು ದೇಹವಿಟ್ಟ ಇಂಚಗೇರಿಯ ಹೆಸರೇ ಸಂಪ್ರದಾಯಕ್ಕೆ ನಿಂತಿತು. ಅವರ ಸಾಧನವು ಬಹು ಸರಳವಾದುದು: ನಿಯತ ವೇಳೆಗೆ ಕುಳಿತು, ನಾಸಾಗ್ರದಲ್ಲಿ ದೃಷ್ಟಿಯಿಟ್ಟು, ಉಸಿರಿನೊಡನೆ ನಾಮವನ್ನು ಮನಸ್ಸಿನಲ್ಲಿಯೇ ಸ್ಮರಿಸುವದು. ಮನೆಮಠವನ್ನು ಬಿಡಬೇಕಾಗಿರಲಿಲ್ಲ, ಸ್ವತಃ ಗುರುಗಳೇ ಗೃಹಸ್ಥರು.

ಈ ಸಾಧನವು ಕಠಿನ ಪರೀಕ್ಷೆಗೆ ಒಳಗಾದದ್ದು ರಾಮಚಂದ್ರ ದತ್ತಾತ್ರೇಯ ರಾನಡೆಯವರ ಜೀವನದಲ್ಲಿ. 1886ರಲ್ಲಿ ಜಮಖಂಡಿಯಲ್ಲಿ ಹುಟ್ಟಿದ ಇವರು 1901ರಲ್ಲಿ, ಹದಿನೈದರ ಪ್ರಾಯದಲ್ಲಿ, ಭಾವೂಸಾಹೇಬರಿಂದ ನಾಮವನ್ನು ಪಡೆದರು. ಆದರೆ ಅವರದು ಎಲ್ಲವನ್ನೂ ಪ್ರಶ್ನಿಸುವ ತತ್ತ್ವಶಾಸ್ತ್ರಜ್ಞನ ಬುದ್ಧಿ. 1909ರ ಸುಮಾರಿಗೆ ಪ್ರಾಣಾಂತಿಕ ರೋಗವೊಂದು ಅವರನ್ನು ಹಿಡಿಯಿತು. 1920ಕ್ಕೆ ಹಿಂದಿನ ಕೆಲವೇ ವರ್ಷಗಳಲ್ಲಿ ತಾಯಿ, ಪತ್ನಿ, ಪುತ್ರರ ವಿಯೋಗವೂ ಒದಗಿತು. ಆದರೂ ಅವರು ನಾಮವನ್ನೂ ಬಿಡಲಿಲ್ಲ, ವಿಚಾರವನ್ನೂ ಬಿಡಲಿಲ್ಲ. 1926ರಲ್ಲಿ ಉಪನಿಷತ್ತುಗಳ ತತ್ತ್ವಜ್ಞಾನವನ್ನು ಕುರಿತ ಅವರ ಮಹಾಗ್ರಂಥವು ಹೊರಟಿತು. 1933ರ ಗ್ರಂಥದಲ್ಲಿ ಅವರು ತುಕಾರಾಮರ ತಳಮಳವನ್ನು ಯುರೋಪಿನ ಸಂತರು ಹೇಳುವ ಆತ್ಮದ ಕತ್ತಲಿರುಳಿನೊಡನೆ ಹೋಲಿಸಿದರು. ತುಕಾರಾಮರೂ ಬರಗಾಲದಲ್ಲಿ ಹೆಂಡತಿಯನ್ನೂ ಮಗನನ್ನೂ ಕಳೆದುಕೊಂಡವರೆಂಬುದನ್ನು ನೆನೆದರೆ, ಆ ಪುಟಗಳನ್ನು ಬರೆದ ಕೈ ಎಂತಹದೆಂಬುದು ಅರಿವಾಗುವದು. ಶಂಕೆಯೂ ಸಂಕಟವೂ ಸಾಧಕನ ಪತನವಲ್ಲ, ಆತನು ದಾಟಬೇಕಾದ ಒಂದು ಹಂತವೆಂಬುದೇ ಈ ಹೋಲಿಕೆಯ ತಾತ್ಪರ್ಯ. ಅಲಹಾಬಾದ ವಿಶ್ವವಿದ್ಯಾಲಯದಿಂದ 1946ರಲ್ಲಿ ನಿವೃತ್ತರಾದ ರಾನಡೆಯವರು 1957ರಲ್ಲಿ ನಿಂಬಾಳದಲ್ಲಿ ಕಾಲವಾದರು.

ಎರಡನೆಯ ಶಾಖೆಯು ಸಿದ್ಧರಾಮೇಶ್ವರ ಮಹಾರಾಜರದು (1888–1936). ಇವರು ವಿಜಾಪುರದ ಮಾರವಾಡಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದವರು. ಗುರುಗಳ ನಿಧನಾನಂತರ ಇವರು ಹೊಸ ಮಾತೊಂದನ್ನು ಎತ್ತಿದರು. ನಾಮಸಾಧನವು ಮರವೇರುವ ಇರುವೆಯ ದಾರಿ, ಅಂದರೆ ಪಿಪೀಲಿಕಾಮಾರ್ಗ. 'ಈ ವೃತ್ತಿ ಹುಟ್ಟಿದ್ದು ಯಾರಿಗೆ? ಅದನ್ನು ನೋಡುತ್ತಿರುವ ನಾನು ಯಾರು?' ಎಂಬ ವಿವೇಕವು ಹಣ್ಣಿಗೆ ನೇರವಾಗಿ ಹಾರುವ ಹಕ್ಕಿಯ ದಾರಿ, ವಿಹಂಗಮಮಾರ್ಗ. ಗುರುಬಂಧುಗಳು ಇದನ್ನು ಒಪ್ಪದೆ ಆಕ್ಷೇಪಿಸಿದರು. ಆದರೂ ಈ ಮಾರ್ಗವು ಬೆಳೆಯಿತು. ಇವರ ಶಿಷ್ಯರಾದ, ಮುಂಬಯಿಯಲ್ಲಿ ಬೀಡಿ ಅಂಗಡಿಯಿಟ್ಟಿದ್ದ ನಿಸರ್ಗದತ್ತ ಮಹಾರಾಜರ (1897–1981) ಸಂಭಾಷಣೆಗಳು 1973ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಗಿ ಪಾಶ್ಚಾತ್ಯ ದೇಶಗಳನ್ನು ಮುಟ್ಟಿದವು.

ಈ ಎರಡರಲ್ಲಿ ಯಾವುದು ಮೇಲು? ಚರಿತ್ರೆಯನ್ನು ಪಕ್ಷಪಾತವಿಲ್ಲದೆ ನೋಡಿದರೆ ಭೇದವು ತೋರುವಷ್ಟು ಆಳವಾದುದಲ್ಲ. ಹಕ್ಕಿಯ ದಾರಿಯನ್ನು ಹೊಗಳಿದ ಸಿದ್ಧರಾಮೇಶ್ವರರು ಮೊದಲು ಹಲವು ವರ್ಷ ಇರುವೆಯ ದಾರಿಯಲ್ಲಿಯೇ ನಡೆದವರು. ನಾಮನಿಷ್ಠರಾದ ರಾನಡೆಯವರೋ ಜೀವಮಾನವಿಡೀ ಪ್ರಶ್ನೆಗಳನ್ನೇ ಬೋಧಿಸಿದವರು. ಇದರ ಕಾರಣವು ಅನುಭವಗಮ್ಯವಾಗಿದೆ. ನಡುರಾತ್ರಿಯಲ್ಲಿ ತಲ್ಲಣಿಸುವ ಮನಸ್ಸು ತರ್ಕಕ್ಕೆ ತೊಡಗಿದರೆ ಒಂದು ಭಯಕ್ಕೆ ಹತ್ತು ಸಾಕ್ಷಿಗಳನ್ನು ತಾನೇ ಒದಗಿಸಿಕೊಳ್ಳುವದು. ಉಸಿರು ನಿಲುಗಡೆಗೆ ಬಂದ ಮೇಲೆ ಅದೇ ಪ್ರಶ್ನೆಯು ಭಯದ ಬುಡವನ್ನು ಕಾಣಿಸುವದು. ಅಮೇರಿಕೆಯ ವೈದ್ಯ ಆರನ್ ಬೆಕ್ಕರು 1960ರ ದಶಕದಲ್ಲಿ ರೂಪಿಸಿದ ಚಿಕಿತ್ಸೆಯೂ ರೋಗಿಯು ತನ್ನ ಆತಂಕದ ಯೋಚನೆಗೆ ಆಧಾರವೇನೆಂದು ತಾನೇ ವಿಚಾರಿಸುವಂತೆ ಮಾಡುವದು. ಅದರ ಗುರಿ ಮೋಕ್ಷವಲ್ಲ, ಆರೋಗ್ಯ, ಎಂಬ ಅಂತರವನ್ನು ಮಾತ್ರ ಮರೆಯಬಾರದು.

ಈ ಮಹನೀಯರಾರೂ ಶಾಂತಿಗಾಗಿ ಸಂಸಾರದ ಹೊರೆಯನ್ನು ಸದಾಕಾಲಕ್ಕೆ ಕೆಳಗಿಳಿಸಿ ಓಡಿದವರಲ್ಲ. ಲೆಕ್ಕದ ಪುಸ್ತಕ, ಅಂಗಡಿಯ ಗಲ್ಲೆ, ಪಾಠದ ಕೋಣೆ ಇವುಗಳ ನಡುವೆಯೇ ಅವರು ಚಿತ್ತವನ್ನು ನೆಲೆಗೊಳಿಸಿದರು. ಸಂಸಾರಿಗಳಾದ ನಮಗೆ ಈ ಚರಿತ್ರೆಯಲ್ಲಿ ಆದರಣೀಯವಾದ ಅಂಶವು ಇದೇ.