ಹೊಲದ ಮೇಲ್ಪದರ ಮತ್ತು ಶಾಲೆಯ ವಿಜ್ಞಾನ: ರಾಬರ್ಟ್‌ಸನ್‌ಪೇಟೆ ಸುತ್ತಲಿನ ಮಣ್ಣಿನ ಬಗ್ಗೆ ಒಂದು ಟಿಪ್ಪಣಿ

ಮಣ್ಣು ಆರೋಗ್ಯ ಚೀಟಿ ಯೋಜನೆ ಆರಂಭವಾದದ್ದು 2015ರ ಫೆಬ್ರುವರಿಯಲ್ಲಿ. ಚೀಟಿಯಲ್ಲಿ 12 ಅಂಶಗಳಿರುತ್ತವೆ: ರಸಸಾರ, ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಬೋರಾನ್, ಕಬ್ಬಿಣ, ಮ್ಯಾಂಗನೀಸ್, ತಾಮ್ರ. ಯಾವ ಗೊಬ್ಬರ ಎಷ್ಟು ಹಾಕಬೇಕೆಂದು ತೀರ್ಮಾನಿಸಲು ಇವು ಸಾಕು. ಆದರೆ ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿರುವ ರಾಬರ್ಟ್‌ಸನ್‌ಪೇಟೆ ಸುತ್ತಲಿನ ರಾಗಿ, ಅವರೆ ಹೊಲಗಳಿಗೆ ಇನ್ನೊಂದು ಪ್ರಶ್ನೆಯಿದೆ: ಗಣಿ ದಿಬ್ಬಗಳ ದೂಳು ಯಾವ ಹೊಲಕ್ಕೆ ಎಷ್ಟು ಸೇರಿದೆ? ಇದಕ್ಕೆ ಚೀಟಿಯಲ್ಲಿ ಉತ್ತರವಿಲ್ಲ. ಪಟ್ಟಿಯಲ್ಲಿ ಆರ್ಸೆನಿಕ್ ಇಲ್ಲದಿರುವುದು ಒಂದು ಕಾರಣ. ಮಾದರಿ ತೆಗೆಯುವ ಕ್ರಮವೇ ದೂಳನ್ನು ಮರೆಮಾಡುವುದು ಇನ್ನೊಂದು. ಈ ಎರಡನೆಯ ಕೊರತೆಯನ್ನು ಪ್ರಾಥಮಿಕ ಶಾಲೆಯ ವಿಜ್ಞಾನ ಪಾಠ ಬಹುಮಟ್ಟಿಗೆ ತುಂಬಬಲ್ಲದು ಎಂಬುದು ಈ ಟಿಪ್ಪಣಿಯ ವಾದ.

ದಿಬ್ಬಗಳ ಸ್ವರೂಪ

ಕೋಲಾರದ ಗಣಿಗಳಲ್ಲಿ ಅದಿರನ್ನು ನುಣ್ಣಗೆ ಅರೆದು, ಸುಣ್ಣ ಬೆರೆಸಿದ ಸೈನೈಡ್ ದ್ರಾವಣದಿಂದ ಚಿನ್ನ ತೆಗೆಯುತ್ತಿದ್ದರು. ಉಳಿದ ಪುಡಿಯನ್ನು ರಾಶಿ ಹಾಕಿದ್ದೇ ಊರಿನವರು ಹೇಳುವ ಸೈನೈಡ್ ದಿಬ್ಬ. ಎಲ್ಲ ದಿಬ್ಬಗಳದ್ದು ಸೇರಿ 3 ಕೋಟಿ ಟನ್ನಿಗೂ ಹೆಚ್ಚು. 2001ರ ಫೆಬ್ರುವರಿ 28ರಂದು ಗಣಿಗಳು ಮುಚ್ಚಿದವು, ದಿಬ್ಬಗಳು ಉಳಿದವು. ಸೈನೈಡ್ ಬಿಸಿಲು, ಗಾಳಿಗೆ ಕ್ರಮೇಣ ವಿಘಟನೆಯಾಗುತ್ತದೆ. ಅದಿರಿನೊಂದಿಗೆ ಬಂದ ಆರ್ಸೆನಿಕ್ ಹಾಗೆ ಇಲ್ಲವಾಗುವುದಿಲ್ಲ. ಬೆರೆಸಿದ ಸುಣ್ಣದಿಂದ ಪುಡಿ ಕ್ಷಾರವಾಗಿರಬಹುದು. ಗಂಧಕವಿರುವ ಖನಿಜಗಳಿಗೆ ಗಾಳಿ, ನೀರು ತಗುಲಿದರೆ ಆಮ್ಲವೂ ಹುಟ್ಟಬಹುದು. ಆದ್ದರಿಂದ ರಸಸಾರವನ್ನು ಊಹಿಸದೆ ಅಳೆಯಲೇಬೇಕು.

ಮಾದರಿಯ ಸಮಸ್ಯೆ

ಚೀಟಿಗಾಗಿ ಹೊಲದ ಹಲವೆಡೆ ಇಂಗ್ಲಿಷಿನ 'ವಿ' ಆಕಾರದ ಗುಂಡಿ ತೆಗೆದು, 15 ಸೆಂ.ಮೀ. ಆಳದವರೆಗಿನ ಮಣ್ಣನ್ನು ಕೆರೆದು ಬೆರೆಸಿ, ಅರ್ಧ ಕಿಲೋದಷ್ಟು ಉಳಿಸಿಕೊಳ್ಳುತ್ತಾರೆ. ಮಳೆಯಾಶ್ರಿತ ಪ್ರದೇಶದಲ್ಲಿ 10 ಹೆಕ್ಟೇರಿನ ಒಂದು ಚೌಕಕ್ಕೆ ಒಂದೇ ಮಾದರಿ. ಬೇರುಗಳು ಹರಡುವ ಪದರದ ಸರಾಸರಿ ತಿಳಿಯಲು ಈ ಕ್ರಮ ಸರಿ. ಆದರೆ ದೂಳು ಕೂರುವುದು ಮೇಲ್ಮೈಯಲ್ಲಿ. 1 ಸೆಂ.ಮೀ. ದಪ್ಪದ ದೂಳನ್ನು 15 ಸೆಂ.ಮೀ. ಮಣ್ಣಿನಲ್ಲಿ ಬೆರೆಸಿದರೆ ಅದರ ಗುರುತು ಹದಿನೈದರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ದಿಬ್ಬದ ಮಗ್ಗುಲಿನ ಹೊಲವೂ ದೂರದ ಹೊಲವೂ ಒಂದೇ ಚೌಕದಲ್ಲಿ ಸೇರಿದರೆ ವ್ಯತ್ಯಾಸ ಇನ್ನಷ್ಟು ಅಳಿಸಿಹೋಗುತ್ತದೆ. ಉಳುಮೆ ಮಾಡಿದ ಮೇಲಂತೂ ಮೇಲ್ಪದರವೇ ಉಳಿಯದು.

ಹೀಗಾಗಿ ಕೊಯ್ಲಿನ ನಂತರ, ಮೊದಲ ಉಳುಮೆಗೆ ಮುಂಚೆ, ಮೇಲಿನ 2 ಸೆಂ.ಮೀ. ಮಣ್ಣನ್ನೂ ಅದರ ಕೆಳಗಿನ ಮಣ್ಣನ್ನೂ ಬೇರೆಬೇರೆಯಾಗಿ ತೆಗೆಯಬೇಕು. ನೇಗಿಲು ತಾಗದ ಬದುವಿನಿಂದಲೂ ಒಂದು ಮಾದರಿ ಬೇಕು. ದಿಬ್ಬದಿಂದ ದೂರ ಹೆಚ್ಚಿಸುತ್ತ, ಗಾಳಿ ಬೀಸುವ ದಿಕ್ಕಿನಲ್ಲೂ ಎದುರು ದಿಕ್ಕಿನಲ್ಲೂ ಇದನ್ನೇ ಮಾಡಬೇಕು.

ತರಗತಿಯಲ್ಲಿ

ಪಾರದರ್ಶಕ ಬಾಟಲಿಯಲ್ಲಿ ಮಣ್ಣು, ನೀರು ಹಾಕಿ ಕುಲುಕಿ ಇಟ್ಟರೆ ಮರಳು ನಿಮಿಷದೊಳಗೆ ತಳ ಸೇರುತ್ತದೆ. ಗೋಡಿಗೆ ಗಂಟೆಗಳು ಬೇಕು. ಜೇಡಿ ಮರುದಿನವೂ ನೀರನ್ನು ಕದಡಿಯೇ ಇಟ್ಟಿರುತ್ತದೆ. ಮೇಲ್ಪದರದ ಬಾಟಲಿಯನ್ನೂ ಕೆಳಪದರದ ಬಾಟಲಿಯನ್ನೂ ಪಕ್ಕಪಕ್ಕ ಇಟ್ಟು ಪದರಗಳನ್ನು ಸ್ಕೇಲಿನಿಂದ ಅಳೆದರೆ, ಕೆಮ್ಮಣ್ಣಿನ ಮೇಲೆ ಬೂದುಬಣ್ಣದ ನುಣುಪು ಪುಡಿ ಸೇರಿದೆಯೇ ಎಂಬ ಸುಳಿವು ಸಿಗುತ್ತದೆ.

ಅರಿಸಿನದ ಕಾಗದದ ಪಾಠವೂ ಇಲ್ಲಿಗೆ ಒದಗುತ್ತದೆ. ಅದು ಕೆಂಪಾಗುವುದು ರಸಸಾರ ಸುಮಾರು 8 ದಾಟಿದಾಗ ಮಾತ್ರ. ಕಾಗದ ಹಳದಿಯಾಗಿಯೇ ಉಳಿದರೆ ಮಣ್ಣು ಚೆನ್ನಾಗಿದೆ ಎಂದಲ್ಲ, ಕ್ಷಾರ ಹೆಚ್ಚಿಲ್ಲ ಎಂದಷ್ಟೇ ಅರ್ಥ. ಆಮ್ಲದ ಕಡೆಯನ್ನು ದಾಸವಾಳದ ರಸ ತೋರಿಸುತ್ತದೆ. ಪ್ರತಿಯೊಂದು ಪರೀಕ್ಷೆಗೂ ಒಂದು ಮಿತಿಯಿದೆ ಎಂದು ಮಕ್ಕಳು ಕೈಯಾರೆ ಕಲಿಯುವುದು ಸೂತ್ರ ಬಾಯಿಪಾಠ ಮಾಡುವುದಕ್ಕಿಂತ ಮೇಲು.

ಮಿತಿ ಮತ್ತು ಸಲಹೆ

ಬಾಟಲಿಯಾಗಲಿ ಅರಿಸಿನವಾಗಲಿ ಆರ್ಸೆನಿಕ್ ಪತ್ತೆ ಹಚ್ಚಲಾರವು. ಅದಕ್ಕೆ ಮಣ್ಣನ್ನು ಆಮ್ಲದಲ್ಲಿ ಜೀರ್ಣಿಸಿ ಉಪಕರಣದಲ್ಲಿ ಅಳೆಯುವ ಪ್ರಯೋಗಾಲಯ ಬೇಕು. ಎಲ್ಲ ಹೊಲಗಳಿಗೂ ಆ ಖರ್ಚು ಸಾಧ್ಯವಿಲ್ಲದಾಗ, ಮೊದಲು ಯಾವ ಹೊಲ ಎಂದು ಆರಿಸಲು ಶಾಲೆಯ ದಾಖಲೆ ನೆರವಾಗುತ್ತದೆ; ಸುಳಿವು ಕಾಣದ ಕೆಲವು ಹೊಲಗಳನ್ನೂ ಹೋಲಿಕೆಗೆಂದು ಕಳಿಸಬೇಕು. ಮಕ್ಕಳನ್ನು ದಿಬ್ಬಗಳಿಗೆ ಕರೆದೊಯ್ಯಕೂಡದು. ಮಾದರಿಯನ್ನು ರೈತರು, ಶಿಕ್ಷಕರು ತೆಗೆಯಲಿ; ತರಗತಿಗೆ ಮಣ್ಣು ಒದ್ದೆಯಾಗಿಯೇ ಬರಲಿ; ಪಾಠ ಮುಗಿದ ಮೇಲೆ ಎಲ್ಲರೂ ಕೈ ತೊಳೆಯಲಿ.

ಶಾಲೆಗಳಲ್ಲಿ ಮಣ್ಣು ಪರೀಕ್ಷೆ ನಡೆಸುವ ಕೇಂದ್ರ ಸರ್ಕಾರದ ಕಾರ್ಯಕ್ರಮ ಈಗಾಗಲೇ ಇದೆ. ಗಣಿ ಪ್ರದೇಶದ ಶಾಲೆಗಳಿಗೆ ಅದು ಬರುವಾಗ ಮೇಲ್ಪದರದ ಪ್ರತ್ಯೇಕ ಮಾದರಿಯನ್ನು ಸೇರಿಸಿಕೊಳ್ಳಬೇಕು. ಕನ್ನಡ, ತಮಿಳು, ತೆಲುಗು, ಉರ್ದು ಆಡುವ ಮಕ್ಕಳೆಲ್ಲ ತುಂಬಬಲ್ಲ ಒಂದೇ ನಮೂನೆಯ ಚಿತ್ರಪಟ್ಟಿ ಇರಬೇಕು. ಫಲಿತಾಂಶ ಮೊದಲು ಆ ಹೊಲದ ರೈತರ ಕೈ ಸೇರಬೇಕು. ತಮ್ಮ ಮಣ್ಣಿನಲ್ಲಿ ಏನಿದೆ ಎಂದು ತಿಳಿಯುವ ಮೊದಲ ಹಕ್ಕು ಅವರದ್ದು.