ಬೇರೆಯವರ ಆಟಕ್ಕೆ ಬಣ್ಣ ತುಂಬಿದ ಕೈಗಳು

ಭಾರತದ ವಿಡಿಯೋ ಗೇಮ್ ತಯಾರಿಕೆಯ ಇತಿಹಾಸವನ್ನು ಬೆಂಗಳೂರನ್ನು ಬಿಟ್ಟು ಬರೆಯಲಾಗದು. ರಾಜೇಶ್ ರಾವ್ ಅವರು 1997ರಲ್ಲಿ ಇಲ್ಲಿ ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್ ಈ ಕಸುಬನ್ನು ದೇಶದಲ್ಲಿ ಮೊದಲು ಕೈಗೆತ್ತಿಕೊಂಡ ಸಂಸ್ಥೆಗಳಲ್ಲೊಂದು. ಫ್ರಾನ್ಸಿನ ಇನ್ಫೋಗ್ರಾಮ್ಸ್‌ಗಾಗಿ ‘ಮಿಷನ್: ಇಂಪಾಸಿಬಲ್’ ಆಟದ ಕಂಪ್ಯೂಟರ್ ಆವೃತ್ತಿಯ ಕೆಲಸ ಹಿಡಿದು ಹೊರದೇಶದ ಮಾರುಕಟ್ಟೆಗೆ ಕಾಲಿಟ್ಟ ಅದು, ಮುಂದೆ ಮೈಕ್ರೋಸಾಫ್ಟ್‌ನ ‘ಫೋರ್ಜಾ’ ಕಾರು ಪಂದ್ಯದ ಸರಣಿಯಂಥ ದೊಡ್ಡ ಆಟಗಳಿಗೆ ಚಿತ್ರಕೆಲಸ ಒದಗಿಸುವ ಸಂಸ್ಥೆಯಾಗಿ ಬೆಳೆಯಿತು. 2016ರಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಅದನ್ನು ಕೊಂಡಿತು. 2019ರಲ್ಲಿ ಅದು ರಾಕ್‌ಸ್ಟಾರ್‌ನ ಪಾಲಾಗಿ, ಆ ಕಂಪನಿಯ ಬೆಂಗಳೂರು ಶಾಖೆಯೊಳಗೆ ಬೆರೆಯಿತು. ಅಷ್ಟರೊಳಗೆ ಕರ್ನಾಟಕ ಸರ್ಕಾರವೂ 2012ರಲ್ಲಿ ಅನಿಮೇಷನ್ ಮತ್ತು ಗೇಮಿಂಗ್ ಕ್ಷೇತ್ರಕ್ಕೆಂದೇ ಪ್ರತ್ಯೇಕ ನೀತಿಯೊಂದನ್ನು ರೂಪಿಸಿತ್ತು.

ಈ ಕಾಲದ ದುಡಿಮೆಯ ಬಹುಪಾಲು ಹೊರಗುತ್ತಿಗೆಯದು. ಆಟದ ಕಲ್ಪನೆ, ನಿಯಮ, ಸೋಲುಗೆಲುವಿನ ಲೆಕ್ಕ ಎಲ್ಲವೂ ಹೊರದೇಶದಲ್ಲಿ ನಿರ್ಧಾರವಾಗಿ, ಅದಕ್ಕೆ ಬೇಕಾದ ಕಾರು, ಕಟ್ಟಡ, ಮರ, ಆಯುಧ, ಬಟ್ಟೆಬರೆಗಳು ಇಲ್ಲಿ ತಯಾರಾಗುತ್ತಿದ್ದವು. ಇಂಥ ಒಂದೊಂದು ವಸ್ತುವನ್ನೂ ಕಸುಬಿನವರು ‘ಅಸೆಟ್’ ಎನ್ನುತ್ತಾರೆ. ಒಂದು ಕಾರಿನ ಅಸೆಟ್ ಎಂದರೆ ಸಾವಿರಾರು ಪುಟ್ಟ ತ್ರಿಕೋನಗಳನ್ನು ಹೊಂದಿಸಿ ಹೊರಮೈ ಕಟ್ಟುವುದು, ಅದರ ಮೇಲೆ ಬಣ್ಣ, ತುಕ್ಕು, ಹೊಳಪುಗಳ ಪದರವನ್ನು (ಇದಕ್ಕೆ ‘ಟೆಕ್ಸ್ಚರ್’ ಎಂದು ಹೆಸರು) ಹೊದಿಸುವುದು, ಕೊನೆಗೆ ಬೆಳಕು ಬಿದ್ದಾಗ ಬಾಗಿಲಿನ ಸಂದು ಕೂಡ ನಿಜವಾದ ಸಂದಿನಂತೆ ಕಾಣುವವರೆಗೆ ಅದನ್ನು ತಿದ್ದುವುದು. ವರ್ಷಗಟ್ಟಲೆ ಈ ಶಿಸ್ತಿನಲ್ಲಿ ಪಳಗಿದ ಕೈಗಳು ಯಾವ ದೇಶದ ಕಲಾವಿದರಿಗೂ ಕಡಿಮೆಯಾಗಿರಲಿಲ್ಲ.

ಆದರೆ ಹೊಡೆದಾಟದ ಆಟಕ್ಕೆ ಜೀವ ಬರುವುದು ಬೇರೊಂದು ಕಡೆಯಿಂದ. ಪರದೆಯ ಮೇಲೆ ಸೆಕೆಂಡಿಗೆ 60 ಚಿತ್ರಗಳು ಓಡುವಾಗ ಒಂದೊಂದು ಚಿತ್ರ, ಅಂದರೆ ಒಂದು ‘ಫ್ರೇಮ್’, ನಿಲ್ಲುವುದು ಸುಮಾರು 17 ಮಿಲಿಸೆಕೆಂಡು ಮಾತ್ರ. ರಾಕ್ಷಸನೊಬ್ಬ ಗದೆ ಎತ್ತಲು ಎಷ್ಟು ಫ್ರೇಮ್, ಏಟು ತಗಲುವ ಗಳಿಗೆ ಎಷ್ಟು ಫ್ರೇಮ್, ಆಮೇಲೆ ಅವನು ಸುಧಾರಿಸಿಕೊಳ್ಳಲು ಎಷ್ಟು ಎಂಬ ಲೆಕ್ಕದ ಮೇಲೆ ಆಟಗಾರನ ಬದುಕು ನಿಂತಿರುತ್ತದೆ. ಗದೆ ಎತ್ತುವುದಕ್ಕೆ 12 ಫ್ರೇಮ್ ಇಟ್ಟರೆ ತಪ್ಪಿಸಿಕೊಳ್ಳಲು ಸಿಗುವುದು ಸೆಕೆಂಡಿನ ಐದನೇ ಒಂದು ಭಾಗ. ಅದನ್ನು 24ಕ್ಕೆ ಏರಿಸಿದರೆ ಅದೇ ರಾಕ್ಷಸ ಸಪ್ಪೆಯಾಗುತ್ತಾನೆ. ಕಠಿಣವಾದ ಆಟಕ್ಕೂ ಅನ್ಯಾಯದ ಆಟಕ್ಕೂ ಇರುವ ಅಂತರ ಇಲ್ಲೇ ಇದೆ: ಸೋತವನಿಗೆ ತನ್ನ ತಪ್ಪು ಕಾಣಬೇಕು. ಈ ವಿದ್ಯೆ ಕೈಗೆ ಹತ್ತುವುದು ಆಡಿಸಿ ನೋಡಿ ತಿದ್ದುವುದರಿಂದಲೇ ಹೊರತು ಅಸೆಟ್ ತಯಾರಿಸಿ ಒಪ್ಪಿಸುವುದರಿಂದಲ್ಲ. ಹೊರಗುತ್ತಿಗೆಯ ವರ್ಷಗಳಲ್ಲಿ ಅದಕ್ಕೆ ಅವಕಾಶ ಸಿಕ್ಕಿದ್ದು ತೀರ ಕಡಿಮೆ.

ಸ್ವಂತ ಆಟಗಳ ಪ್ರಯತ್ನ ನಡೆದೇ ಇರಲಿಲ್ಲವೆಂದಲ್ಲ. ಹೈದರಾಬಾದಿನ ಅರೋನಾ ಸಂಸ್ಥೆ ಸೋನಿಗಾಗಿ ರೂಪಿಸಿದ ‘ಹನುಮಾನ್: ಬಾಯ್ ವಾರಿಯರ್’ 2009ರಲ್ಲೇ ಪ್ಲೇಸ್ಟೇಷನ್ 2ಕ್ಕೆ ಬಂದಿತ್ತು. ಆದರೂ ದೊಡ್ಡ ಪ್ರಕಾಶಕರ ಹಣವಿಲ್ಲದೆ ಸಣ್ಣ ತಂಡವೊಂದು ತನ್ನದೇ ತೀರ್ಮಾನದಂತೆ ಕಟ್ಟುವ ‘ಇಂಡೀ’, ಅಂದರೆ ಸ್ವತಂತ್ರ, ಆಟಗಳ ಪೈಕಿ ಕಠಿಣ ಹೊಡೆದಾಟವನ್ನೇ ನೆಚ್ಚಿಕೊಂಡದ್ದು ಹೈದರಾಬಾದಿನ ಓಗರ್ ಹೆಡ್ ಸ್ಟುಡಿಯೋ 2017ರಲ್ಲಿ ತಂದ ‘ಅಸುರ’. 1980ರ ‘ರೋಗ್’ ಆಟದ ಜಾಡಿನಲ್ಲಿ ಬೆಳೆದ ‘ರೋಗ್‌ಲೈಕ್’ ಪದ್ಧತಿಯಲ್ಲಿ ನಾಯಕ ಸತ್ತರೆ ಮೊದಲಿನಿಂದ ಆಡಬೇಕು, ನೆಲಮಾಳಿಗೆಗಳ ವಿನ್ಯಾಸ ಪ್ರತಿ ಸಲವೂ ಬದಲಾಗುತ್ತದೆ. ‘ಅಸುರ’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಾಯಕ ಗಳಿಸಬಹುದಾದ ಶಕ್ತಿಗಳ ಮರವನ್ನೇ ಪ್ರತಿ ಜನ್ಮಕ್ಕೂ ಹೊಸದಾಗಿ ಚಿಗುರಿಸಿತು. ಪುನರ್ಜನ್ಮದ ಕಲ್ಪನೆಯನ್ನು ಕಥೆಯ ಅಲಂಕಾರವಾಗಿಸದೆ ಆಟದ ನಿಯಮವನ್ನೇ ಆಗಿಸಿದ ಈ ಯೋಚನೆಗೆ ಸಿಗಬೇಕಾದ ಮನ್ನಣೆ ಇನ್ನೂ ಸಿಕ್ಕಿಲ್ಲ. ಕೋಣೆಗಳು ಬೇಗನೆ ಒಂದೇ ತರಹ ಕಾಣತೊಡಗುವುದು ಅದರ ಕೊರತೆ.

ಹೆಚ್ಚು ಹೆಸರು ಮಾಡಿದ್ದು ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ತಂಡದ ‘ರಾಜಿ: ಆ್ಯನ್ ಏನ್ಷಿಯಂಟ್ ಎಪಿಕ್’. 2017ರಲ್ಲಿ ಕಿಕ್‌ಸ್ಟಾರ್ಟರ್ ಮೂಲಕ ಜನರಿಂದ ಹಣ ಸಂಗ್ರಹಿಸಲು ಮಾಡಿದ ಪ್ರಯತ್ನ ಗುರಿ ಮುಟ್ಟದಿದ್ದರೂ ತಂಡ ಕೈಬಿಡಲಿಲ್ಲ. ಆಟ 2020ರ ಆಗಸ್ಟ್‌ನಲ್ಲಿ ನಿಂಟೆಂಡೊ ಸ್ವಿಚ್‌ಗೂ ಅಕ್ಟೋಬರ್‌ನಲ್ಲಿ ಉಳಿದ ಯಂತ್ರಗಳಿಗೂ ಬಂದು, ಆ ವರ್ಷದ ಗೇಮ್ ಅವಾರ್ಡ್ಸ್‌ನಲ್ಲಿ ಚೊಚ್ಚಲ ಆಟಗಳ ವಿಭಾಗಕ್ಕೆ ನಾಮನಿರ್ದೇಶನ ಪಡೆಯಿತು. ಕಸರತ್ತು ತೋರಿಸಿ ಬದುಕುವ ರಾಜಿ ಎಂಬ ಹುಡುಗಿ ಅಸುರರು ಹೊತ್ತೊಯ್ದ ತಮ್ಮನನ್ನು ಹುಡುಕಿ ಹೊರಡುವುದು ಇದರ ಕಥೆ. ಅದನ್ನು ದುರ್ಗೆ ಮತ್ತು ವಿಷ್ಣು ಪರಸ್ಪರ ವಾದಿಸುತ್ತಲೇ ನಿರೂಪಿಸುತ್ತಾರೆ. ರಾಜಸ್ಥಾನದ ಕೋಟೆ ಅರಮನೆಗಳ ಛಾಯೆಯ ಕಟ್ಟಡಗಳು, ಪಹಾಡಿ ಚಿತ್ರಶೈಲಿಯಿಂದ ಪ್ರೇರಿತವಾದ ವರ್ಣವಿನ್ಯಾಸ, ನಡುನಡುವೆ ನೆರಳುಬೊಂಬೆಗಳಲ್ಲಿ ಸಾಗುವ ಕಥಾಭಾಗ, ಇವೆಲ್ಲ ಮನಸ್ಸು ತುಂಬುತ್ತವೆ. ತೊಗಲುಗೊಂಬೆಯಾಟ ನೋಡಿ ಬೆಳೆದ ಕನ್ನಡಿಗರಿಗಂತೂ ದೀಪದ ಮುಂದೆ ಅಲುಗಾಡುವ ಆ ಆಕೃತಿಗಳು ಮನೆಯವೇ ಅನ್ನಿಸುತ್ತವೆ. ರಾಜಿ ಗೋಡೆಯ ಮೇಲೆ ಓಡಿ, ಕಂಬ ಹಿಡಿದು ಸುತ್ತಿ ಹೊಡೆಯುವ ಪಟ್ಟುಗಳು ಅವಳ ಕಸುಬಿನಿಂದಲೇ ಹುಟ್ಟಿದಂತಿವೆ.

ದೋಷಗಳೂ ಅದೇ ಆಟದಲ್ಲಿ ಎದ್ದು ಕಾಣುತ್ತವೆ. ತ್ರಿಶೂಲ ತಾಗಿದರೂ ಏಟಿನ ಭಾರ ಕೈಗೆ ತಿಳಿಯದು; ಗುಂಡಿ ಒತ್ತಿದ್ದಕ್ಕೂ ರಾಜಿ ಪಕ್ಕಕ್ಕೆ ಸರಿಯುವುದಕ್ಕೂ ನಡುವೆ ಸಣ್ಣ ತಡ ಉಳಿಯುತ್ತದೆ; ಕ್ಯಾಮೆರಾವನ್ನು ಆಟಗಾರ ತಿರುಗಿಸಲಾಗದ ಕಾರಣ ಜಿಗಿತದ ದೂರ ಅಂದಾಜಿಗೆ ಸಿಗುವುದಿಲ್ಲ. ಐದಾರು ಗಂಟೆಗಳಲ್ಲಿ ಮುಗಿಯುವ ಕಥೆ ಅಸುರರ ಒಡೆಯ ಮಹಾಬಲಾಸುರನೊಂದಿಗಿನ ಕಾಳಗದ ಬಳಿಕ ತಟ್ಟನೆ ನಿಂತುಬಿಡುತ್ತದೆ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಪೂರ್ಣ ರೂಪದಲ್ಲಿ ಬಂದ ಅಮೆರಿಕದ ಸ್ವತಂತ್ರ ಆಟ ‘ಹೇಡೀಸ್’ ಅನ್ನು ಪಕ್ಕದಲ್ಲಿಟ್ಟರೆ ಈ ದೋಷಗಳ ಕಾರಣ ಸ್ಪಷ್ಟವಾಗುತ್ತದೆ. ಗ್ರೀಕ್ ಪುರಾಣವನ್ನು ಆಧರಿಸಿದ ಆ ಆಟವನ್ನು ತಯಾರಕರು 2018ರ ಡಿಸೆಂಬರ್‌ನಲ್ಲಿಯೇ ಅರೆಬರೆ ಸ್ಥಿತಿಯಲ್ಲಿ ಆಟಗಾರರ ಕೈಗೆ ಕೊಟ್ಟು, ಸುಮಾರು ಎರಡು ವರ್ಷ ಒಂದೊಂದು ಏಟನ್ನೂ ತಿದ್ದುತ್ತ ಬಂದಿದ್ದರು. ಅಂಥ ಬಿಡುವನ್ನು ಕೊಂಡುಕೊಳ್ಳುವಷ್ಟು ಹಣವಾಗಲಿ, ಹಿಂದಿನ ಆಟಗಳಿಂದ ಬಂದ ಗಳಿಕೆಯಾಗಲಿ ಚೊಚ್ಚಲ ಆಟ ಮಾಡುತ್ತಿದ್ದ ಪುಣೆಯ ತಂಡಕ್ಕೆ ಇರಲಿಲ್ಲ.

ಆಟ ಮಾರಾಟಕ್ಕೆ ಬಂದ ಮೇಲಾದರೂ ತಂಡ ಅದಕ್ಕೆ ಮರಳಿತು. 2022ರಲ್ಲಿ ಹೊರಬಂದ ಪರಿಷ್ಕೃತ ಆವೃತ್ತಿಯಲ್ಲಿ ದೃಶ್ಯಗಳು ಇನ್ನಷ್ಟು ಹದಗೊಂಡವು. ಅಲ್ಲಿಯವರೆಗೆ ಇಂಗ್ಲಿಷಿನಲ್ಲಿ ಮಾತನಾಡುತ್ತಿದ್ದ ದುರ್ಗೆ ಮತ್ತು ವಿಷ್ಣು ಅದರಲ್ಲಿ ಹಿಂದಿಯಲ್ಲಿಯೂ ವಾದಕ್ಕಿಳಿದರು.