ಒಂದೇ ಕೋಡ್, ಊರಿಗೊಂದು ಕಟ್ಟಳೆ: ಕೊರೂಟೀನ್ ಲೈಬ್ರರಿಗಳ ಹಾದಿ

ಮೈಸೂರಿನ ವಾಣೀವಿಲಾಸ ಮೊಹಲ್ಲದಲ್ಲಿ ಎಂಟನೇ ಕ್ರಾಸಿನ ಗಣೇಶೋತ್ಸವದ ಕಚೇರಿ ಕೇಳಿದವರಿಗೆ ಕೊರೂಟೀನ್ ಎಂದರೇನೆಂದು ಬೇಗ ತಿಳಿಯುತ್ತದೆ. ತನಿ ಆವರ್ತನದಲ್ಲಿ ಮೃದಂಗದವರು ಒಂದು ಸುತ್ತು ನುಡಿಸಿ ಬಿಡುತ್ತಾರೆ, ಘಟದವರು ಹಿಡಿಯುತ್ತಾರೆ, ಮತ್ತೆ ಮೃದಂಗ ತಾನು ಬಿಟ್ಟ ಎಡೆಯಿಂದಲೇ ಮುಂದುವರಿಯುತ್ತದೆ. ಯಾರೂ ಯಾರ ಕೈಯನ್ನೂ ತಡೆಯುವುದಿಲ್ಲ, ಸರದಿಯನ್ನು ತಾವಾಗಿಯೇ ಬಿಟ್ಟುಕೊಡುತ್ತಾರೆ. ಪ್ರೋಗ್ರಾಮಿನ ಎರಡು ಭಾಗಗಳು ಹೀಗೆ ನಡೆದುಕೊಂಡರೆ ಅವು ಕೊರೂಟೀನುಗಳು. ಥ್ರೆಡ್ಡುಗಳಾದರೆ ಆಪರೇಟಿಂಗ್ ಸಿಸ್ಟಂ ನಡುವೆ ಬಂದು ಒಬ್ಬರನ್ನು ನಿಲ್ಲಿಸಿ ಇನ್ನೊಬ್ಬರನ್ನು ಕೂರಿಸುತ್ತದೆ.

ಈ ಹೆಸರನ್ನು 1958ರಲ್ಲಿ ಇಟ್ಟವರು ಅಮೆರಿಕದ ಮೆಲ್ವಿನ್ ಕಾನ್‌ವೇ. ಮುಂದೆ ಬರೋಸ್ 220 ಯಂತ್ರಕ್ಕೆ ಕೋಬಾಲ್ ಕಂಪೈಲರ್ ಕಟ್ಟುವಾಗ, ಪದಗಳನ್ನು ಬಿಡಿಸುವ ಭಾಗವೂ ವಾಕ್ಯವನ್ನು ಗುರುತಿಸುವ ಭಾಗವೂ ಪರಸ್ಪರ ಸರದಿ ಕೊಟ್ಟುಕೊಳ್ಳುವಂತೆ ಅವರು ಮಾಡಿದ್ದರು. ಅದರ ಪ್ರಬಂಧ ಅಚ್ಚಾದದ್ದು 1963ರಲ್ಲಿ, ನಮ್ಮ ಮೈಸೂರಿನ ಎಸ್‌ಜೆಸಿಇ ಎಂಜಿನಿಯರಿಂಗ್ ಕಾಲೇಜು ಶುರುವಾದ ವರ್ಷವೇ. ಆಗ ಒಂದು ಯಂತ್ರ, ಅದಕ್ಕೊಂದು ಅಸೆಂಬ್ಲಿ, ಅಷ್ಟೇ. ನಾರ್ವೆಯ ಸಿಮ್ಯುಲಾ 67 ಕೊರೂಟೀನನ್ನು ಭಾಷೆಯೊಳಕ್ಕೇ ತಂದಿತು.

ತೊಡಕು ಶುರುವಾದದ್ದು ಸಿ ಭಾಷೆಯಿಂದ. ಪ್ರತಿ ಥ್ರೆಡ್ಡಿಗೆ ಒಂದೇ ಸ್ಟ್ಯಾಕ್ ಎಂಬುದು ಸಿ ಪ್ರೋಗ್ರಾಮುಗಳ ರೂಢಿ. ಲೈಬ್ರರಿಯಾಗಿ ಕಟ್ಟುವ ಕೊರೂಟೀನಿಗೆ ಸಾಮಾನ್ಯವಾಗಿ ತನ್ನದೇ ಸ್ಟ್ಯಾಕ್ ಬೇಕು. ಯೂನಿಕ್ಸ್ ಇದಕ್ಕೆ ಮೇಕ್‌ಕಾಂಟೆಕ್ಸ್ಟ್, ಸ್ವಾಪ್‌ಕಾಂಟೆಕ್ಸ್ಟ್ ಎಂಬ ಫಂಕ್ಷನ್ನುಗಳನ್ನು ಕೊಟ್ಟಿತು. ಬಳಸಲು ಸಲೀಸು, ಆದರೆ ಸರದಿ ಬದಲಾದಾಗಲೆಲ್ಲ ಸಿಗ್ನಲ್ ಮಾಸ್ಕ್ ಉಳಿಸಲೆಂದು ಸಾಮಾನ್ಯವಾಗಿ ಕರ್ನಲ್‌ಗೆ ಹೋಗಿ ಬರಬೇಕು. ಮೇಕ್‌ಕಾಂಟೆಕ್ಸ್ಟ್ ಇಂಟ್ ಮೌಲ್ಯಗಳನ್ನು ಮಾತ್ರ ಒಯ್ಯುತ್ತದೆ, 64 ಬಿಟ್ಟಿನ ಪಾಯಿಂಟರ್ ಅದರಲ್ಲಿ ಹಿಡಿಸುವ ಭರವಸೆಯಿಲ್ಲ. ಪೋಸಿಕ್ಸ್ ಎಂಬ ಮಾನಕದ 2008ರ ಆವೃತ್ತಿ ಈ ಫಂಕ್ಷನ್ನುಗಳನ್ನು ಕೈಬಿಟ್ಟಿತು. ಗ್ನೂ ಲಿನಕ್ಸಿನಲ್ಲಿ ಅವು ಇಂದಿಗೂ ಇವೆ. ಮಸಲ್ ಎಂಬ ಪುಟ್ಟ ಸಿ ಲೈಬ್ರರಿಯಲ್ಲಿ ಇಲ್ಲ. ಮ್ಯಾಕ್ ಅವನ್ನು ಬಳಸಬೇಡಿ ಎನ್ನುತ್ತದೆ. ವಿಂಡೋಸಿನ ದಾರಿಯೇ ಬೇರೆ, ಅಲ್ಲಿ ಫೈಬರ್.

ರಾಲ್ಫ್ ಎಂಗೆಲ್‌ಶಾಲ್ 2000ರಲ್ಲಿ ವಿವರಿಸಿದ ಉಪಾಯ ನನಗೆ ಬಲು ಇಷ್ಟ. ಹೊಸ ಸ್ಟ್ಯಾಕಿಗೆ ಹಾರುವ ದಾರಿ ಸಿ ಭಾಷೆಯಲ್ಲಿಲ್ಲ. ಆದರೆ ಸಿಗ್ನಲ್ ಬಂದಾಗ ಬೇರೆ ಸ್ಟ್ಯಾಕಿನ ಮೇಲೆ ಕೆಲಸ ಮಾಡು ಎಂದು ಕರ್ನಲ್‌ಗೆ ಹೇಳಬಹುದು. ತನಗೆ ತಾನೇ ಒಂದು ಸಿಗ್ನಲ್ ಕಳಿಸಿಕೊಂಡು, ಅಲ್ಲಿ ಕಾಲಿಟ್ಟ ಗಳಿಗೆಯಲ್ಲಿ ಸೆಟ್‌ಜಂಪ್‌ನಿಂದ ಗುರುತು ಹಾಕಿಕೊಂಡರೆ ಆ ಸ್ಟ್ಯಾಕ್ ನಮ್ಮದಾಯಿತು. ಅಸೆಂಬ್ಲಿಯ ಒಂದು ಸಾಲೂ ಬೇಡ.

ಯಾವ ಊರಿಗೆ, ಅಂದರೆ ಯಾವ ಸಿಸ್ಟಂಗೆ, ಯಾವ ದಾರಿ ಎಂದು ತೀರ್ಮಾನಿಸುವ ಹೊಣೆ ಹೀಗೆ ಕೋಡನ್ನು ಕಂಪೈಲ್ ಮಾಡಿ ಜೋಡಿಸುವ ಬಿಲ್ಡ್‌ನ ಹೆಗಲಿಗೆ ಬಿತ್ತು. 1991ರ ಆಟೊಕಾನ್ಫ್ ಎಂಬ ಸಲಕರಣೆ ಒಂದು ಚಿಕ್ಕ ಪ್ರೋಗ್ರಾಮನ್ನು ಕಂಪೈಲ್ ಮಾಡಿ, ಬೇಕೆನಿಸಿದರೆ ಓಡಿಸಿಯೂ ನೋಡಿ ಉತ್ತರ ಕಂಡುಕೊಳ್ಳುತ್ತಿತ್ತು. ಒಂದು ಯಂತ್ರದಲ್ಲಿ ಕುಳಿತು ಇನ್ನೊಂದಕ್ಕೆ ಕಟ್ಟುವಾಗ ಓಡಿಸಿ ನೋಡುವುದು ಸಾಧ್ಯವಿಲ್ಲ, ಅಲ್ಲಿ ಮನುಷ್ಯರೇ ಉತ್ತರ ಬರೆದಿಡಬೇಕು. ಕ್ಯುಎಮು ಎಂಬ ಎಮ್ಯುಲೇಟರಿನ ಕಾನ್ಫಿಗರ್ ವಿಧಾನ ಇದಕ್ಕೆ ಒಳ್ಳೆಯ ಪಾಠ: ವಿಂಡೋಸ್ ಆದರೆ ಫೈಬರ್, ಯುಕಾಂಟೆಕ್ಸ್ಟ್ (ಮೇಕ್‌ಕಾಂಟೆಕ್ಸ್ಟ್ ಬಳಗ) ಇದ್ದರೆ ಅದು, ಎರಡೂ ಆಗದಿದ್ದರೆ ಎಂಗೆಲ್‌ಶಾಲ್ ಅವರ ಉಪಾಯ.

ವೇಗ ಬೇಕಾದವರು ಕೊನೆಗೆ ಅಸೆಂಬ್ಲಿಗೇ ಬಂದರು. ಆಲಿವರ್ ಕೊವಾಲ್ಕೆ ಅವರ ಬೂಸ್ಟ್ ಕಾಂಟೆಕ್ಸ್ಟ್ 2012ರಲ್ಲಿ ಬೂಸ್ಟ್ ಎಂಬ ಸಿ++ ಲೈಬ್ರರಿಗಳ ಸಂಗ್ರಹಕ್ಕೆ ಸೇರಿತು. ಅದರ ಅಸೆಂಬ್ಲಿ ಕಡತಗಳ ಹೆಸರುಗಳನ್ನು ನಾನು ವಿದ್ಯಾರ್ಥಿಗಳಿಂದ ಗಟ್ಟಿಯಾಗಿ ಓದಿಸುತ್ತೇನೆ. ಪ್ರತಿ ಹೆಸರಿನಲ್ಲೂ ನಾಲ್ಕು ಸಂಗತಿಗಳಿವೆ: ಪ್ರೊಸೆಸರ್ ಯಾವುದು, ಫಂಕ್ಷನ್ ಕರೆಯುವ ಕಟ್ಟಳೆ ಯಾವುದು, ಬೈನರಿಯ ಬಗೆ ಯಾವುದು, ಅಸೆಂಬ್ಲರ್ ಯಾವುದು. ಒಂದೇ ಇಂಟೆಲ್ ಚಿಪ್ಪು ಲಿನಕ್ಸಿನಲ್ಲಿ ಸಿಸ್ಟಂ-ವಿ ಕಟ್ಟಳೆ, ಇಎಲ್‌ಎಫ್ ಬಗೆ, ಗ್ಯಾಸ್ ಅಸೆಂಬ್ಲರ್ ಬೇಡುತ್ತದೆ. ವಿಂಡೋಸಿನಲ್ಲಿ ಮೈಕ್ರೋಸಾಫ್ಟ್ ಕಟ್ಟಳೆ, ಪಿಇ, ಮಾಸ್ಮ್. ಮ್ಯಾಕಿನಲ್ಲಿ ಕಟ್ಟಳೆ ಲಿನಕ್ಸಿನದೇ, ಬಗೆ ಮಾತ್ರ ಮಾಕ್-ಒ. ಫಂಕ್ಷನ್ ಹೆಸರಿನ ಮುಂದೆ ಅಲ್ಲಿ ಒಂದು ಅಡಿಗೆರೆ ಇರಬೇಕು. ಅದನ್ನು ಮರೆತರೆ ಲಿಂಕರ್ ಆ ಹೆಸರೇ ಇಲ್ಲ ಎನ್ನುತ್ತದೆ.

ಕಟ್ಟಳೆಯ ತಪ್ಪು ಹೀಗೆ ಬಾಯಿಬಿಟ್ಟು ಹೇಳುವುದಿಲ್ಲ. ಮೈಸೂರಿನ ಒಂದು ಲ್ಯಾಬಿನಲ್ಲಿ ನನ್ನ ವಿದ್ಯಾರ್ಥಿಯೊಬ್ಬ ಲಿನಕ್ಸಿಗೆ ಬರೆದ, ಸರದಿ ಬದಲಿಸುವ ಸ್ವಿಚ್ ಕೋಡನ್ನು ಮಾಸ್ಮ್ ಬರಹಕ್ಕೆ ಹೊಂದಿಸಿ ವಿಂಡೋಸಿಗೆ ತಂದಿದ್ದ. ಡಿಬಗ್ ಬಿಲ್ಡ್‌ನಲ್ಲಿ ಲೆಕ್ಕ ಸರಿ, ರಿಲೀಸ್ ಬಿಲ್ಡ್‌ನಲ್ಲಿ ಸರಾಸರಿಗಳು ತಪ್ಪು. ಕ್ರ್ಯಾಶ್ ಇಲ್ಲ, ಎಚ್ಚರಿಕೆಯೂ ಇಲ್ಲ. ಎರಡು ಸಂಜೆ ಹುಡುಕಿದೆವು. ಲಿನಕ್ಸಿನ ಕಟ್ಟಳೆಯಲ್ಲಿ ಆರ್‌ಬಿಎಕ್ಸ್, ಆರ್‌ಬಿಪಿ, ಆರ್12ರಿಂದ ಆರ್15 ರಿಜಿಸ್ಟರುಗಳನ್ನು ಉಳಿಸಿದರೆ ಹೆಚ್ಚುಕಡಿಮೆ ಮುಗಿಯಿತು. ವಿಂಡೋಸಿನಲ್ಲಿ ಅವುಗಳ ಜೊತೆಗೆ ಆರ್‌ಡಿಐ, ಆರ್‌ಎಸ್‌ಐ, ಎಕ್ಸ್‌ಎಂಎಂ6ರಿಂದ ಎಕ್ಸ್‌ಎಂಎಂ15ರವರೆಗಿನ ದಶಾಂಶ ರಿಜಿಸ್ಟರುಗಳನ್ನೂ ಉಳಿಸಬೇಕು. ಅವನು ಉಳಿಸಿರಲಿಲ್ಲ. ಆಪ್ಟಿಮೈಸರ್ ಮೊತ್ತವನ್ನು ಎಕ್ಸ್‌ಎಂಎಂ6ರಲ್ಲಿ ಇಟ್ಟುಕೊಂಡಿತ್ತು, ಸರದಿ ಬದಲಾದಾಗ ಅದು ಅಳಿಸಿಹೋಗುತ್ತಿತ್ತು. ಸ್ಟ್ಯಾಕಿನ ಮೇಲ್ಮಿತಿ, ಕೆಳಮಿತಿಗಳನ್ನು ವಿಂಡೋಸ್ ಪ್ರತಿ ಥ್ರೆಡ್ಡಿನ ದಾಖಲೆಯಲ್ಲಿ ಬರೆದಿಟ್ಟಿರುತ್ತದೆ. ಅವನ್ನು ಬದಲಿಸದಿದ್ದರೆ ಎಕ್ಸೆಪ್ಶನ್ ಎದ್ದ ದಿನ ಇನ್ನೊಂದು ಕಷ್ಟ.

ಸಿ++20 ಈ ಹೊರೆಯನ್ನು ಕಂಪೈಲರಿಗೆ ದಾಟಿಸಿತು. ಅಲ್ಲಿ ಪ್ರತ್ಯೇಕ ಸ್ಟ್ಯಾಕೂ ಇಲ್ಲ, ಅಸೆಂಬ್ಲಿಯೂ ಇಲ್ಲ. ಹಾಗೆಂದು ಬಿಲ್ಡ್ ಸುಮ್ಮನಾಗಲಿಲ್ಲ: 2020ರ ಜಿಸಿಸಿ 10ಕ್ಕೆ ಕೊರೂಟೀನಿಗೆಂದೇ ಒಂದು ಫ್ಲ್ಯಾಗ್ ಕೊಡಬೇಕಿತ್ತು, ಮೈಕ್ರೋಸಾಫ್ಟ್ ಕಂಪೈಲರಿನ ಹಳೆಯ ಆವೃತ್ತಿಗಳಿಗೆ ಬೇರೊಂದು. ಸ್ಟ್ಯಾಕ್ ಇರುವ ಲೈಬ್ರರಿಗಳಿಗೆ ಭದ್ರತೆಯ ಕಟ್ಟುಪಾಡುಗಳು ಸೇರಿಕೊಂಡವು. 2018ರ ಓಪನ್‌ಬಿಎಸ್‌ಡಿ 6.4 ಸ್ಟ್ಯಾಕ್ ಎಂದು ಮೊದಲೇ ಗುರುತು ಹಾಕಿ ಪಡೆಯದ ಜಾಗವನ್ನು ಸ್ಟ್ಯಾಕಾಗಿ ಬಳಸಿದ ಪ್ರೋಗ್ರಾಮನ್ನು ಕೊಲ್ಲುತ್ತದೆ. ಇಂಟೆಲ್‌ನ ನೆರಳು ಸ್ಟ್ಯಾಕ್ ಚಾಲೂ ಇದ್ದರೆ ಅದನ್ನೂ ಜೊತೆಗೇ ಬದಲಿಸಬೇಕು. ಇನ್ನೊಂದು ಬಗೆಯ ಕಟ್ಟುಪಾಡೂ ಇದೆ: ಆರ್ಮ್64ರಲ್ಲಿ ಎಕ್ಸ್18 ಎಂಬ ರಿಜಿಸ್ಟರನ್ನು ಆಪಲ್ ಮತ್ತು ವಿಂಡೋಸ್ ಎರಡೂ ತಮಗೆಂದು ಮೀಸಲಿಟ್ಟುಕೊಂಡಿವೆ.

ಬಿಲ್ಡ್ ಫೈಲನ್ನು ಅಂತರ್ಜಾಲದಿಂದ ಎತ್ತಿ ಅಂಟಿಸುವ ರೂಢಿ ನಮ್ಮ ಕಾಲೇಜುಗಳಲ್ಲಿದೆ, ಅದಕ್ಕೆ ಅಂಕವೂ ಇಲ್ಲ. ಇದು ನನ್ನನ್ನು ಕಾಡುತ್ತದೆ, ಏಕೆಂದರೆ ಅರವತ್ತು ವರ್ಷಗಳ ತಿಳಿವಳಿಕೆ ಕುಳಿತಿರುವುದು ಆ ಫೈಲಿನಲ್ಲೇ. ಕಳೆದ ಸೆಮಿಸ್ಟರಿನಲ್ಲಿ ರಿಸ್ಕ್-ವಿ ಬೋರ್ಡಿಗೆ ಲೈಬ್ರರಿ ಕಟ್ಟಲು ಕುಳಿತ ಹುಡುಗಿಯೊಬ್ಬಳು ಕೀಬೋರ್ಡ್ ಮುಟ್ಟುವ ಮೊದಲು ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಳು: ಎಸ್‌ಪಿ, ಆರ್‌ಎ, ಎಸ್0ರಿಂದ ಎಸ್11, ಎಫ್‌ಎಸ್0ರಿಂದ ಎಫ್‌ಎಸ್11. ಆಮೇಲೆ ಅದರ ಪಕ್ಕದಲ್ಲಿ ವಿಂಡೋಸಿನ ಪಟ್ಟಿಯನ್ನೂ ಬರೆದು, ಎಕ್ಸ್‌ಎಂಎಂ6ರ ಸುತ್ತ ಒಂದು ವೃತ್ತ ಎಳೆದಳು.